ಸಬ್‌ಟೈಟಲ್ ಇಲ್ಲದ ಎಪಿಸೋಡ್

ಆ್ಯಪ್‌ಗೆ ತಿಂಗಳಿಗೆ ನೂರ ನಲವತ್ತೊಂಬತ್ತು ರೂಪಾಯಿ, ನೆಟ್ ರೀಚಾರ್ಜ್‌ಗೆ ಮುನ್ನೂರು… ಒಬ್ಬ ಗಿರಾಕಿಗೆ ಐಬ್ರೋ ಮಾಡಿದರೆ ಸಿಗುವುದು ನಲವತ್ತು.

ಗದಗಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನೀಲಾಂಬಿಕಾ ಈ ಲೆಕ್ಕ ಹಾಕಿದ್ದಳು. ಹೆಚ್ಚುಕಡಿಮೆ ಹನ್ನೆರಡು ಜನರ ಐಬ್ರೋ ದುಡ್ಡು ಪ್ರತಿ ತಿಂಗಳು ಕೊರಿಯಾ, ಚೀನಾದ ಸೀರಿಯಲ್‌ಗಳಿಗೆ ಹೋಗುತ್ತಿತ್ತು.

ಕೊಟ್ಟ ದುಡ್ಡು ವಸೂಲಾಗಬೇಕಲ್ಲ… ಅದಕ್ಕೇ ಸ್ಪೀಡ್ ಹೆಚ್ಚಿಸಿ ನೋಡುತ್ತಿದ್ದಳು.

ಕಣ್ಣು ಸದಾ ಸ್ಕ್ರೀನಿನ ಕೆಳಗಿನ ಸಬ್‌ಟೈಟಲ್ ಮೇಲೆ. ಇಂಗ್ಲಿಷ್ ಸಾಲು ಬಂತು, ಓದಿದಳು, ಮುಂದೆ. ಸಾಲು ಬರಲಿಲ್ಲ ಅಂದರೆ ಅಲ್ಲಿ ಏನೂ ನಡೆಯುತ್ತಿಲ್ಲ ಎಂದೇ ಅವಳ ಲೆಕ್ಕ… ಹತ್ತು ಸೆಕೆಂಡ್ ಮುಂದೆ ಒತ್ತಿಬಿಡುತ್ತಿದ್ದಳು.

ಸೀರಿಯಲ್ ನೋಡುವವರದೇ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಯಾವ ನಟ ಚೆನ್ನಾಗಿ ಅತ್ತ, ಯಾರದು ಬರೀ ಗ್ಲಿಸರಿನ್ ಕಣ್ಣೀರು ಎಂದು ಅಲ್ಲಿ ಮೊದಲು ತೀರ್ಪು ಕೊಡುವವಳು ಇವಳೇ.

ಒಮ್ಮೆ ಧಾರವಾಡದ ಒಬ್ಬರು, ನಾಯಕಿ ಬಸ್‌ಸ್ಟಾಪಿನಲ್ಲಿ ಸುಮ್ಮನೆ ಕೂತ ದೃಶ್ಯ ನೋಡಿ ಅತ್ತುಬಿಟ್ಟೆ ಎಂದು ಬರೆದರು. ನೀಲಾಂಬಿಕಾ ನಗುವ ಇಮೋಜಿ ಹಾಕಿ, ಸುಮ್ಮನೆ ಕೂತಿದ್ದರಲ್ಲಿ ನೋಡುವುದೇನಿದೆ ಎಂದು ಕೇಳಿದ್ದಳು.

ಮಗಳು ಪಲ್ಲವಿಯ ನಿಶ್ಚಿತಾರ್ಥಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಹುಡುಗ ನಾದಿನಿ ತಂದ ಸಂಬಂಧ. ಒಳ್ಳೆಯ ನೌಕರಿ, ಸ್ವಂತ ಮನೆ.

ಹುಡುಗ ಹಿಡಿಸಿದನೇ ಎಂದು ನೀಲಾಂಬಿಕಾ ಕೇಳಿದ್ದಳು. ಮಗಳು ಹೂಂ ಅಂದಿದ್ದಳು… ಅಲ್ಲಿಗೆ ಆ ಮಾತು ಮುಗಿದಿತ್ತು.

ಅವತ್ತು ಮಗಳನ್ನು ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿ ತಾನೇ ಫೇಸ್‌ಪ್ಯಾಕ್ ಹಚ್ಚಿದಳು. ಒಣಗುವವರೆಗೆ ನಗಬಾರದು, ಮಾತಾಡಬಾರದು ಎಂದು ಗಿರಾಕಿಗಳಿಗೆ ಹೇಳುವುದನ್ನೇ ಮಗಳಿಗೂ ಹೇಳಿದಳು.

ಮಧ್ಯೆ ಮಧ್ಯೆ ಫೋನು… ಅಡುಗೆಯವರದು, ಹೂವಿನವರದು, ಬೀಗರದು. ತಲೆ ಗಿಜಿಗಿಜಿ ಅನ್ನುತ್ತಿತ್ತು. ಸ್ವಲ್ಪ ಹಗುರಾಗಲಿ ಎಂದು ಕೈ ಒರೆಸಿಕೊಂಡು, ಕನ್ನಡಿಗೆ ಫೋನ್ ಒರಗಿಸಿ ಹೊಸ ಎಪಿಸೋಡ್ ಹಚ್ಚಿದಳು.

ಆದರೆ ಆ ಎಪಿಸೋಡಿಗೆ ಸಬ್‌ಟೈಟಲ್ ಇನ್ನೂ ಬಂದಿರಲಿಲ್ಲ.

ಓದಲು ಏನೂ ಇಲ್ಲ. ಮುಂದೆ ಒತ್ತೋಣ ಅಂದರೆ ಅಷ್ಟರಲ್ಲಿ ಎರಡೂ ಕೈಗೆ ಮತ್ತೆ ಪ್ಯಾಕ್ ಮೆತ್ತಿದೆ… ಮಗಳ ಕುತ್ತಿಗೆಗೆ ಹಚ್ಚುವುದು ಇನ್ನೂ ಮುಗಿದಿಲ್ಲ. ಬೇರೆ ದಾರಿಯಿಲ್ಲದೆ ತಲೆಯೆತ್ತಿ ಆ ಪಾತ್ರಗಳ ಮುಖ ನೋಡಿದಳು.

ಬಟ್ಟೆ ಅಂಗಡಿಯ ದೃಶ್ಯ. ಒಬ್ಬ ಹುಡುಗಿ ಮದುವೆಯ ಗೌನ್ ಹಾಕಿಕೊಂಡು ನಿಂತಿದ್ದಾಳೆ. ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಹುಡುಗಿ ನಗುತ್ತಾಳೆ. ಆಮೇಲೆ ಅವರೆಲ್ಲ ಬೇರೆ ಕಡೆ ತಿರುಗುತ್ತಾರೆ…

ಹುಡುಗಿಯ ನಗು ಮಾತ್ರ ಹಾಗೇ ಉಳಿಯುತ್ತದೆ, ತೆಗೆಯಲು ಮರೆತಂತೆ. ಒಮ್ಮೆ ಉಗುಳು ನುಂಗುತ್ತಾಳೆ. ಅಷ್ಟೇ.

ನೀಲಾಂಬಿಕಾಳ ಕೈ ನಿಂತಿತು.

"ಎಂಥಾ ಆ್ಯಕ್ಟಿಂಗ್ ನೋಡ… ಈ ಹುಡುಗಿಗಿ ಈ ಮದುವಿ ಬ್ಯಾಡಾಗೇತಿ. ಅಲ್ಲೇ ನಿಂತಾಳಲ್ಲ ಅವರವ್ವ, ಆಕಿಗೇನ್ ಕಣ್ಣಿಲ್ಲೇನ? ಒಂದ್ ಮಾತ್ ಕೇಳಬಾರದಾ?"

ಮಗಳು ಹೂಂ ಅನ್ನಲಿಲ್ಲ. ಪ್ಯಾಕ್ ಹಚ್ಚಿದ್ದಕ್ಕೆ ಸುಮ್ಮನಿದ್ದಾಳೆ ಅಂದುಕೊಂಡು ನೀಲಾಂಬಿಕಾ ಕನ್ನಡಿಯಲ್ಲಿ ನೋಡಿದಳು.

ಅರೆ ಒಣಗಿದ ಪ್ಯಾಕಿನ ಮೇಲೆ, ಕಣ್ಣಿನಿಂದ ಗಲ್ಲದವರೆಗೆ ಒಂದು ಹಸಿ ಗೆರೆ ಇಳಿದಿತ್ತು…

ನೀಲಾಂಬಿಕಾ ಕೈ ತೊಳೆದುಕೊಂಡಳು. ಸ್ಪಂಜು ನೀರಿನಲ್ಲಿ ಅದ್ದಿ ಮಗಳ ಮುಖ ಮೆಲ್ಲಗೆ ಒರೆಸಿ, ಏನಾಯಿತು ಎಂದು ಕೇಳಿದಳು.

"ಏನಿಲ್ಲ ಮಮ್ಮಿ."

ಮೊದಲಾಗಿದ್ದರೆ ಅಷ್ಟಕ್ಕೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ಇವತ್ತು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಫೋನ್ ರಿಂಗಾಯಿತು, ಎತ್ತಲಿಲ್ಲ. ಮಗಳ ಮುಖವನ್ನೇ ನೋಡುತ್ತಾ ಕೂತಳು…

ಕೊನೆಗೆ ಪಲ್ಲವಿ ಬಾಯಿಬಿಟ್ಟಳು.

ಆ ಹುಡುಗ ದಿನಾ ವಿಡಿಯೋ ಕಾಲ್ ಮಾಡಿ, ಪಕ್ಕದಲ್ಲಿ ಯಾರಿದ್ದಾರೆ ತೋರಿಸು ಎಂದು ಕೋಣೆಯೆಲ್ಲ ತೋರಿಸಲು ಹೇಳುತ್ತಿದ್ದನಂತೆ. ಗೆಳತಿಯರ ನಂಬರುಗಳನ್ನು ಒಂದೊಂದಾಗಿ ಡಿಲೀಟ್ ಮಾಡಿಸಿದ್ದನಂತೆ. ಒಮ್ಮೆ ಫೋನ್ ಎತ್ತುವುದು ತಡವಾದಾಗ ಅವನು ಆಡಿದ ಮಾತನ್ನು ಹೇಳಲು ಅವಳಿಗೆ ಬಾಯಿಯೇ ಬರಲಿಲ್ಲ.

"ಮೊದಲ ಯಾಕ ಹೇಳಲಿಲ್ಲ ನೀ?"

"ಹೇಳಬೇಕಂತ ಬಂದು ನಿನ್ನ ಮುಂದ ನಿಂತಿದ್ನಿ ಮಮ್ಮಿ… ನೀ ನನ್ನ ಮುಖಾನ ನೋಡಲಿಲ್ಲ."

ದಿನವಿಡೀ ಊರಿನವರ ಮುಖ ತಿದ್ದುವ ಹೆಂಗಸು ಮಗಳ ಮಡಿಲಿಗೆ ಹಣೆ ಹಚ್ಚಿ ಅತ್ತಳು.

ಗಂಡ ಶಿವಪುತ್ರಪ್ಪ ಮೊದಲು ಹಾರಾಡಿದ. ಊರಿಗೆಲ್ಲ ಹೇಳಿಯಾಗಿದೆ, ತಂಗಿಗೆ ಏನು ಉತ್ತರ ಕೊಡಲಿ, ಮದುವೆಯಾದ ಮೇಲೆ ಹುಡುಗ ಸರಿಹೋಗುತ್ತಾನೆ ಅಂದ.

ನೀಲಾಂಬಿಕಾ ವಾದ ಮಾಡಲಿಲ್ಲ. ಮಗಳನ್ನು ಅವನ ಎದುರಿಗೆ ಕೂರಿಸಿದಳು.

"ಆಕಿ ಮಾರಿ ಒಮ್ಮೆ ಪೂರ್ತಿ ನೋಡ್ರಿ. ಆಮ್ಯಾಲ ಎಷ್ಟ್ ಬೈತೀರಿ ಬೈರಿ."

ಅವನು ನೋಡಿದ. ಬಹಳ ಹೊತ್ತು ನೋಡಿದ. ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡ. ಆಮೇಲೆ ಹೊರಗೆ ಹೋಗಿ, ಈ ಸಂಬಂಧ ಬೇಡ ಎಂದು ಬೀಗರಿಗೆ ತಾನೇ ಫೋನ್ ಮಾಡಿ ಹೇಳಿದ.

ಮಂಟಪದವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ನಾದಿನಿ ಇವತ್ತಿಗೂ ಮಾತು ಬಿಟ್ಟಿದ್ದಾಳೆ.

ಹೋದದ್ದು ಇಷ್ಟು. ಮಗಳು ಉಳಿದಳು.

*ಬಾಯಿ ಹೇಳಿದ್ದನ್ನು ಕೇಳಿ ಮುಂದೆ ಹೋಗಬೇಡಿ… ಮುಖ ಹೇಳುವುದನ್ನೂ ನಿಂತು ನೋಡಿ.*

ನಿಮ್ಮ ಮನೆಯಲ್ಲಿ ಇವತ್ತು "ಏನಿಲ್ಲ" ಅಂದವರು ಯಾರು? ಅವರ ಮುಖ ನೋಡಿದಿರಾ?