ಮಗ ಹಾಕಿದ ರಸ್ತೆ

ಈ ರಸ್ತೆಗೆ ಚಕ್ರ ಇಟ್ಟರೆ ಸೋತ ಹಾಗೆ. ಇಡದಿದ್ದರೆ? ಗೆದ್ದ ಹಾಗೇನೂ ಅಲ್ಲವಲ್ಲ. ಅಭಾ ನಗರದ ಹೊರವಲಯದ ವೃತ್ತದ ಬಳಿ ಕಾರನ್ನು ನಿಧಾನ ಮಾಡಿ ಅತೀಕುರ್ರಹ್ಮಾನ್ ಇನ್ನೂ ಯೋಚಿಸುತ್ತಲೇ ಇದ್ದರು. ಎಡಕ್ಕೆ ಹೊರಳಿದರೆ ಹಳೇ ರಸ್ತೆ. ಅದರ ಬದಿಯಲ್ಲೇ ಅವರ ಅಂಗಡಿ. ನೇರ ಹೋದರೆ ಬಡಾವಣೆಗಳನ್ನು ಬಳಸಿಕೊಂಡು ಸಾಗುವ ಹೊಸ ಹೆದ್ದಾರಿ. ಅದು ತೆರೆದ ದಿನದಿಂದ, ನೀರಿಗೆ, ಜ್ಯೂಸಿಗೆ ಎಂದು ಅಂಗಡಿಯೆದುರು ನಿಲ್ಲುತ್ತಿದ್ದ ಲಾರಿಗಳೆಲ್ಲ ಅತ್ತ ಹೊರಳಿದ್ದವು. ಆ ಹೆದ್ದಾರಿ ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕೆಂದು ಗುರುತು ಹಾಕಿದ ಎಂಜಿನಿಯರುಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದ ಮಗ ತಲ್ಹಾ ಕೂಡ ಒಬ್ಬ. "ಅಂಗಡಿ ಹತ್ತಿರ ಇಳಿಯಲಿಕ್ಕೆ ಒಂದು ದಾರಿ ಕೊಡಿಸು" ಎಂದು ಅವರು ಒಮ್ಮೆ ಕೇಳಿದ್ದರು. "ಅದು ನನ್ನ ಕೈಯಲ್ಲಿಲ್ಲ ಅಬ್ಬಾ" ಎಂದಿದ್ದ ಅವನು. ಆಮೇಲೆ ಇಬ್ಬರ ನಡುವೆ ಉಳಿದದ್ದು, ಊಟಕ್ಕೆ ಬಾ ಎಂದರೆ ಬಂದೆ ಎನ್ನುವಷ್ಟು ಮಾತು. ನಾಳೆ ಬೆಳಿಗ್ಗೆ ಅವನು ಇನ್ನೊಂದು ರಸ್ತೆಯ ಕೆಲಸಕ್ಕೆ ದೂರದ ನಜ್ರಾನ್‌ಗೆ ಹೊರಡುವವನು. ಒಮ್ಮೆ ಹೋದರೆ ಮತ್ತೆ ಯಾವಾಗ ಬರುತ್ತಾನೋ.

"ಎಂತ ಯೋಚನೆ ನಿಮ್ಮದು?" ಪಕ್ಕದಲ್ಲಿದ್ದ ಹೆಂಡತಿ ಶಂಸುನ್ನಿಸಾ ಕಾಲ ಬಳಿಯ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. "ಹಿಂದಿನವ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಖಮೀಸ್ ಊರಲ್ಲಿ ಝಿಕ್ರಾ ತಟ್ಟೆ ಹರವಿ ಕೂತಿದ್ದಾಳೆ. ಹಳೇ ರಸ್ತೆಯ ಸಿಗ್ನಲ್, ಹಂಪು ಎಲ್ಲ ಹಾರಿ ಮಗಳ ಮನೆ ಮುಟ್ಟುವಾಗ ಈ ಬಿರಿಯಾನಿ ತಂಗಳಾಗ್ತದೆ."

"ಬಿರಿಯಾನಿಗೋಸ್ಕರ ಹೋಗ್ತೇನೆ. ಬೇರೆ ಯಾರಿಗೋಸ್ಕರವೂ ಅಲ್ಲ," ಎಂದು ಅತೀಕುರ್ರಹ್ಮಾನ್ ಕಾರನ್ನು ನೇರ ಬಿಟ್ಟರು.

ರಸ್ತೆ ಸುಮ್ಮನೆ ಕಾರಿನಡಿ ಹರಿದುಹೋಯಿತು. ಒಂದು ಕುಲುಕು ಇಲ್ಲ, ಪಾತ್ರೆಯ ಮುಚ್ಚಳ ಕೂಡ ಸದ್ದು ಮಾಡಲಿಲ್ಲ. ಎಡಗಡೆ ಗುಡ್ಡದ ಇಳಿಜಾರಿನಲ್ಲಿ ಹೊಸ ಮನೆಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಸ್ವಲ್ಪ ಮುಂದೆ, ನೇರ ಹೋಗಬೇಕಾಗಿದ್ದ ಹೆದ್ದಾರಿ ಒಂದು ಕಲ್ಲಿನ ಹಳೇ ಕಾವಲು ಗೋಪುರವನ್ನು ಸುತ್ತಿ ಮೆಲ್ಲಗೆ ಬಳುಕಿತು.

"ಇಲ್ಲಿ ಯಾಕೆ ತಿರುವು?" ಅತೀಕುರ್ರಹ್ಮಾನ್ ಕೇಳಿದರು, ಕನ್ನಡಿ ನೋಡದೆ.

"ಗೋಪುರ ಒಡೆಯಬಾರದಂತ ಬಗ್ಗಿಸಿದೆವು ಅಬ್ಬಾ."

"ಓಹೋ. ಕಲ್ಲಿಗಾದರೆ ಬಗ್ಗುತ್ತದೆ. ಅಪ್ಪನ ಅಂಗಡಿಗೆ ಬಗ್ಗುವುದಿಲ್ಲ."

"ಕಲ್ಲಿಗೆ ಬಾಯಿಲ್ಲ, ನಾವೇ ಅದರ ಪರವಾಗಿ ಮಾತಾಡಬೇಕಾಯ್ತು," ಎಂದ ತಲ್ಹಾ. "ನಿಮಗೆ ಬಾಯಿತ್ತು. ನೀವೇ ಅದನ್ನು ಕಲ್ಲು ಮಾಡಿಕೊಂಡಿರಿ," ಎಂದೂ ಸೇರಿಸಿದ.

ಶಂಸುನ್ನಿಸಾ ಕಿಟಕಿಯತ್ತ ತಿರುಗಿದರು. ಕಾರು ನಿಲ್ಲಿಸಿ ಇಳಿ ಎಂದುಬಿಡಲೇ ಎಂದು ಅತೀಕುರ್ರಹ್ಮಾನರಿಗೆ ಅನಿಸುವಷ್ಟರಲ್ಲಿ ತಿರುವಿನಾಚೆ ರಸ್ತೆಬದಿಯ ಕಬ್ಬಿಣದ ಬೇಲಿಯ ಮೇಲೆ ಕೋತಿಗಳ ದೊಡ್ಡ ಹಿಂಡು ಕಂಡಿತು. ಬೂದು ಜೂಲು ಕೆದರಿಕೊಂಡು, ಮರಿಗಳನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ಕೂತಿದ್ದವು. ತುದಿಯಲ್ಲಿದ್ದ ಗಡವ ಕೋತಿಗೆ ಅರ್ಧ ಕಿವಿಯೇ ಇರಲಿಲ್ಲ.

"ಏ, ಇದು ನಮ್ಮದಲ್ವಾ?" ಅತೀಕುರ್ರಹ್ಮಾನ್ ಬ್ರೇಕ್ ಒತ್ತಿದರು. "ಅಂಗಡಿಯ ಬಾಳೆಹಣ್ಣು ಕದೀತಿದ್ದದ್ದು!"

"ಅದೇ! ನನ್ನ ಕೈಯಿಂದ ಬ್ರೆಡ್ ಕಿತ್ತುಕೊಂಡು ಓಡಿದ ಕಳ್ಳ ಅದೇ," ಎಂದರು ಶಂಸುನ್ನಿಸಾ.

ಅತೀಕುರ್ರಹ್ಮಾನ್ ಅದನ್ನು ನೋಡಿದರು. ಅದೂ ಅವರನ್ನು ನೋಡಿತು, ಗುರುತು ಸಿಕ್ಕಿದರೂ ಮಾತಾಡಿಸಲು ಇಷ್ಟವಿಲ್ಲದ ಹಳೇ ಗಿರಾಕಿಯಂತೆ ಮುಖ ತಿರುಗಿಸಿತು.

"ನೋಡಿದಿಯಾ ತಲ್ಹಾ? ಕಳ್ಳರು ಕೂಡ ನನ್ನನ್ನು ಬಿಟ್ಟು ನಿನ್ನ ರಸ್ತೆಗೆ ಬಂದರು ಮಾರಾಯ!"

ಮೊದಲು ನಕ್ಕದ್ದು ಯಾರೆಂದು ಹೇಳುವುದು ಕಷ್ಟ. ಶಂಸುನ್ನಿಸಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. ತಲ್ಹಾ ಮುಂದಿನ ಸೀಟುಗಳ ನಡುವೆ ತಲೆ ತೂರಿಸಿ ಅಪ್ಪನ ಹೆಗಲಿಗೆ ಗಲ್ಲ ಊರಿದ. ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. ಇಲ್ಲಿ ಬಂಡೆ ಒಡೆಯಲು ಎಷ್ಟು ಪಾಡುಪಟ್ಟದ್ದು, ಅಲ್ಲಿ ಮಂಜು ಇಳಿದು ಎದುರಿಗೆ ನಿಂತವನ ಮುಖವೂ ಕಾಣದೆ ಹೋದದ್ದು, ಒಬ್ಬ ಮುದುಕ ತನ್ನ ಕುರಿಗಳಿಗೆ ರಸ್ತೆಯ ಕೆಳಗಿನಿಂದ ದಾರಿ ಬೇಕೇ ಬೇಕೆಂದು ಹಟ ಹಿಡಿದು ಕೊನೆಗೆ ಅದು ಸಿಕ್ಕಾಗ ಎಲ್ಲರಿಗೂ ಖರ್ಜೂರ ಹಂಚಿದ್ದು. ಹಳೇ ರಸ್ತೆಯಲ್ಲಿ ಈಗ ಸಂಜೆ ಮಕ್ಕಳು ಸೈಕಲ್ ಬಿಡುತ್ತಾರೆ, ಅಂಗಡಿಯಲ್ಲಿ ಐಸ್‌ಕ್ರೀಮ್ ಇಡಿ ಎಂದೂ ಹೇಳಿದ. ಅತೀಕುರ್ರಹ್ಮಾನ್ "ಹೌದಾ?" "ಆಮೇಲೆ?" ಎನ್ನುತ್ತ ಕೇಳುತ್ತಿದ್ದರು. ಮಗನ ದನಿ ಕಿವಿಯ ಪಕ್ಕದಲ್ಲೇ ಇತ್ತು. ಇಷ್ಟು ಹತ್ತಿರದಿಂದ ಅದನ್ನು ಕೇಳಿ ಎಷ್ಟು ಕಾಲವಾಯಿತು!

ಆಗ ಹಸಿರು ಬೋರ್ಡು ಬಂತು. ಬಲಕ್ಕೆ ಖಮೀಸ್, ನೇರ ನಜ್ರಾನ್. ಅತೀಕುರ್ರಹ್ಮಾನರ ಬೆರಳು ಇಂಡಿಕೇಟರಿನವರೆಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮರಳಿ ಸ್ಟಿಯರಿಂಗಿಗೆ ಬಂತು. ಕಾರು ನೇರ ಹೋಯಿತು.

"ಅಬ್ಬಾ! ಅಲ್ಲಿ ಇಳಿಯಬೇಕಿತ್ತು!"

"ಹೌದಾ? ಮಾತಾಡ್ತಾ ಗೊತ್ತೇ ಆಗ್ಲಿಲ್ಲ. ಮುಂದೆ ಯು-ಟರ್ನ್ ಎಲ್ಲಿದೆ?"

"ತುಂಬಾ ದೂರ ಇದೆ."

"ಅಷ್ಟು ದೂರ ಇಟ್ಟದ್ದು ಯಾರು? ನೀನೇ ಅಲ್ವಾ? ಅನುಭವಿಸು."

"ನಾಳೆ ಹೋಗುವವನನ್ನು ಇವತ್ತೇ ನಜ್ರಾನ್‌ಗೆ ಬಿಟ್ಟು ಬರುವ ಅಂದಾಜಾ ನಿಮ್ಮದು?" ಎಂದು ಶಂಸುನ್ನಿಸಾ ಗದರಿದರು. ತಲ್ಹಾ ಹೊಟ್ಟೆ ಹಿಡಿದುಕೊಂಡು ನಕ್ಕ. ಝಿಕ್ರಾಗೆ ಫೋನ್ ಮಾಡಿ, ಅಬ್ಬಾಗೆ ಈಗ ಬೋರ್ಡು ಓದಲಿಕ್ಕೂ ಆಗುವುದಿಲ್ಲ ಎಂದು ಹೇಳಿದ. ಆ ಮಾತು ಮುಂದೆ ಮನೆಮಂದಿಗೆಲ್ಲ ಹಬ್ಬಿ, ಪ್ರತಿ ಹಬ್ಬಕ್ಕೂ ಅವರನ್ನು ಕೀಟಲೆ ಮಾಡುವ ಕಥೆಯಾಯಿತು. ಅತೀಕುರ್ರಹ್ಮಾನ್ ಎಲ್ಲರ ಜೊತೆ ತಾವೂ ನಗುತ್ತಿದ್ದರು. ಬೋರ್ಡನ್ನು ದೂರದಿಂದಲೇ ಓದಿದ್ದೆ ಎಂದು ಮಾತ್ರ ಅವರು ಯಾರಿಗೂ ಹೇಳಲಿಲ್ಲ.