ಏಳನೇ ನಂಬರಿನವರು

ವೆಂಕಟರಾಮಯ್ಯ ತಮ್ಮ ಮನೆಯಲ್ಲೇ ಕಳ್ಳತನ ಮಾಡುತ್ತಿದ್ದರು. ಹೋಮ್‌ಸ್ಟೇಯ ಮೂರನೇ ರೂಮಿನ ಮೇಜಿನ ಮೇಲೆ ಬಾಗಿ, ಅತಿಥಿ ಬರೆದಿಟ್ಟ ಹಾಳೆಯನ್ನು ಕದ್ದು ಓದುತ್ತಿದ್ದರು. ಬಾಗಿಲಲ್ಲಿ ಹೆಂಡತಿ ಸುಶೀಲಾ ಕಾವಲು. ಅತಿಥಿ ವಂದನಾ ವಾಕಿಂಗ್ ಹೋಗಿ ಹತ್ತು ನಿಮಿಷವಾಗಿತ್ತು.

“ಏನ್ ಬರ್ದಿದಾರೆ?”

“ನಮ್ಮ ಮಾನ ಹರಾಜು ಹಾಕಿದಾರೆ ಕಣೇ.”

ವಿಷಯ ಇಷ್ಟೆ. ಇವರ ಮಗ ಕಾರ್ತಿಕನಿಗೆ ಮೂವತ್ತಾರು. ತೋಟದ ಹುಡುಗ ಎಂಬ ಒಂದೇ ಕಾರಣಕ್ಕೆ ಮುನ್ನೂರು ಹುಡುಗಿಯರು ಬೇಡವೆಂದಿದ್ದರು. ಹೆಚ್ಚಾಯಿತು ಎನ್ನುವವರು ಇನ್ನೂರ ತೊಂಬತ್ತೆಂಟು ಎಂದುಕೊಳ್ಳಲಿ, ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಮುನ್ನೂರ ಒಂದನೆಯವಳು ಕಳಸದ ಅರ್ಪಿತಾ. ಅವಳಿಗೆ ಹುಡುಗ ಹಿಡಿಸಿದ್ದ. ಅವಳ ತಂದೆ ಮಾತ್ರ “ಸ್ವಲ್ಪ ವಿಚಾರಿಸಿ ಹೇಳ್ತೀವಿ” ಎಂದು ಹೋಗಿದ್ದರು.

ಈ ಸೀಮೆಯ ವಿಚಾರಣೆ ಎಂದರೆ ಪೊಲೀಸರು ನೋಡಿ ಕಲಿಯಬೇಕು. ಯಾರು ಬರುತ್ತಾರೆ, ಯಾವ ವೇಷದಲ್ಲಿ ಬರುತ್ತಾರೆ, ಬ್ರಹ್ಮನಿಗೂ ತಿಳಿಯದು. ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವಂತೆಯೂ ಇಲ್ಲ. ಕೇಳಿದರೆ ಸಂಬಂಧ ಅಲ್ಲಿಗೇ ಮುಗಿಯಿತು.

ನಾಲ್ಕನೇ ದಿನ ವಂದನಾ ಬಂದಿಳಿದರು. ಒಬ್ಬರೇ. ಹತ್ತು ದಿನಕ್ಕೆ ರೂಮು. ಅತ್ತಿಗುಂಡಿಯ ಈ ಹೋಮ್‌ಸ್ಟೇಗೆ ಬಂದವರು ಗಿರಿ ಹತ್ತುತ್ತಾರೆ, ಝರಿಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇವರು ಬೆಳಗಿನಿಂದ ಸಂಜೆಯವರೆಗೆ ಬರೆಯುತ್ತಿದ್ದರು. ಕೇಳಿದ್ದು ಒಂದೇ ಪ್ರಶ್ನೆ, ಅದೂ ಅಡುಗೆಮನೆಯ ತನಕ ಬಂದು.

“ಸುಶೀಲಮ್ಮ, ಕಾಫಿ ಸಿಪ್ಪೆನ ಶುಂಠಿ ಹಾಕಿ ಕುದಿಸಿ ಕುಡಿಯೋ ಪದ್ಧತಿ ನಿಮ್ಮಲ್ಲಿದೆಯಾ?”

ಸುಶೀಲಾಗೆ ಪ್ರಶ್ನೆಯ ಮರ್ಮ ಹೊಳೆಯಿತು. ಬರುವ ಸೊಸೆಗೆ ಬೀಜದ ಕಾಫಿಯೋ ಸಿಪ್ಪೆಯ ಕಷಾಯವೋ ಎಂದು ಅಳೆಯುತ್ತಿದ್ದಾರೆ. “ಅಂಥ ದರಿದ್ರ ನಮ್ಮಲ್ಲಿಲ್ಲಮ್ಮ” ಎಂದರು. ಅಂದಿನಿಂದ ಮೂರನೇ ರೂಮಿಗೆ ಹೋದ ಕಾಫಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು.

ಈಗ ಈ ಹಾಳೆ. ಮೇಲೆ 7 ಎಂಬ ಅಂಕಿ. ಹೆಸರಿನ ಜಾಗ ಖಾಲಿ. ಕೆಳಗೆ ಹೀಗಿತ್ತು:

‘ಕಾಫಿಯಲ್ಲಿ ಹಳೇ ಕುಳ. ಊರಿನ ಕಾಫಿಯೆಲ್ಲ ತನ್ನ ಪೂರ್ವಜರಿಂದಲೇ ಶುರುವಾಯಿತು ಎನ್ನುತ್ತಾನೆ. ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ. ಆದರೆ ಕುಡಿದು ಮುಗಿಸುವ ತನಕ ಬಡಾಯಿ ಕೇಳಬೇಕು. ಆಳುಗಳ ಮೇಲೆ ಕಿರುಚುತ್ತಾನೆ. ಉಪವಾಸದ ತಿಂಗಳಲ್ಲಿ ಹತ್ತಿರ ಹೋಗುವುದು ಅಪಾಯ. ನಮ್ಮ ಕಡೆಯವರ ಮೇಲೆ ಪ್ರೀತಿ ತೋರಿಸುತ್ತಾನೆ; ಒಳಗೇನಿದೆಯೋ ತಿಳಿಯದು. ಮಗ ತಂದೆಗಿಂತ ಬುದ್ಧಿವಂತ, ಆದರೆ ತಂದೆಯ ಎದುರು ಬಾಯಿ ಬಿಡುವುದಿಲ್ಲ.’

“ಶ್ರಾವಣದಲ್ಲಿ ನಾನು ಒಪ್ಪತ್ತು ಮಾಡಿದ್ದು ಇವ್ರಿಗೆ ಹೇಗೆ ಗೊತ್ತಾಯ್ತೇ?”

“ಆ ತಿಂಗಳು ನೀವು ಕಿರುಚಿದ್ದು ಕಳಸಕ್ಕೇ ಕೇಳಿರತ್ತೆ ಬಿಡಿ. ಒಂದರಿಂದ ಆರು ಯಾರು?”

“ಬೇರೆ ಹುಡುಗರ ಮನೆಯವ್ರು. ಇನ್ಯಾರು? ನಾವು ಏಳನೆಯವ್ರು.”

ಅಂದೇ ಮನೆಯ ಸಂವಿಧಾನ ಬದಲಾಯಿತು. ಬಾಬಾಬುಡನ್ ತಂದ ಏಳು ಕಾಫಿ ಬೀಜಗಳಲ್ಲಿ ಮೂರನ್ನು ತಮ್ಮ ಮುತ್ತಜ್ಜನ ಅಂಗೈಗೇ ಹಾಕಿದರೆಂಬ ಕಥೆಯನ್ನು ದಿನಕ್ಕೆ ಹನ್ನೆರಡು ಸಲ ಹೇಳುತ್ತಿದ್ದ ವೆಂಕಟರಾಮಯ್ಯ, ಒಂದು ವಾರ ಮುತ್ತಜ್ಜನ ಸುದ್ದಿ ಎತ್ತಲಿಲ್ಲ. ಹೊಟ್ಟೆ ಉಬ್ಬರಿಸಿ ಸೋಡಾ ಕುಡಿದರು. ಮೂವತ್ತು ವರ್ಷದಿಂದ “ಲೋ” ಎಂದೇ ಕರೆಯುತ್ತಿದ್ದ ತೋಟದ ಮೇಸ್ತ್ರಿಯನ್ನು ಅಂಗಳದಲ್ಲಿ ನಿಂತು ಕರೆದರು.

“ಗುರುವಯ್ಯನವರೇ, ಕಾಫಿ ಕುಡ್ಕೊಂಡು ಹೋಗಿ.”

ಗುರುವಯ್ಯ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮನೆಗೆ ಹೋಗಿ ಹೆಂಡತಿ ಯಲ್ಲಮ್ಮನಿಗೆ ಹೇಳಿದ: “ಯಜಮಾನ್ರಿಗೆ ಏನೋ ಆಗಿದೆ ಮಾರಾಯ್ತಿ. ಒಂದು ತಾಯಿತ ಕಟ್ಟಿಸ್ಬೇಕು.”

ಕಾರ್ತಿಕನ ಪಾಲಿಗೂ ಕೆಲಸ ಬಿತ್ತು. ತಂದೆಯ ಎದುರು ಬಾಯಿ ಬಿಡಬೇಕು, ಅದೂ ವಂದನಾ ಕೇಳುವಂತೆ. ತಿಂಡಿಯ ಹೊತ್ತಿಗೆ ಅವನು ಬಾಯಿ ಬಿಟ್ಟ. “ಅಪ್ಪ, ಈ ವರ್ಷ ಹಣ್ಣು ಯಾವಾಗ ಕೊಯ್ಯೋದು ಅಂತ ನಾನು ತೀರ್ಮಾನ ಮಾಡ್ತೀನಿ.” ವೆಂಕಟರಾಮಯ್ಯ ಕಡುಬು ನುಂಗಿ, ಸಿಟ್ಟನ್ನೂ ನುಂಗಿ, “ಆಗ್ಲಪ್ಪ” ಎಂದರು. ಬಾಬಾಬುಡನ್‌ಗಿರಿ ಒಂದು ಅಂಗುಲ ಅಲುಗಿದ್ದನ್ನು ಕಂಡವರಿದ್ದಾರೆ.

ಹೊರಡುವ ದಿನ ವೆಂಕಟರಾಮಯ್ಯ ಬ್ಯಾಗನ್ನು ತಾವೇ ಹೊತ್ತು ಕಾರಿನವರೆಗೆ ಹೋದರು. ತಡೆಯಲಾಗಲಿಲ್ಲ.

“ಆ ಏಳನೆಯವ್ರು ಅಷ್ಟೇನೂ ಕೆಟ್ಟವ್ರಲ್ಲಮ್ಮ.”

ವಂದನಾ ಬೆರಗಾಗಿ, ಆಮೇಲೆ ನಕ್ಕರು. “ಓದಿಬಿಟ್ರಾ? ನಂಗೂ ಅವರು ತುಂಬ ಇಷ್ಟ.”

“ಹಾಗಾದ್ರೆ ಒಂದೆರಡು ಸಾಲು ತಿದ್ದಬಹುದಲ್ಲ?”

“ತಿದ್ದೋಕೆ ನಾನ್ಯಾರು ಸರ್? ದೊಡ್ಡವರು ಹೇಳಿದ್ದನ್ನ ಇದ್ದ ಹಾಗೇ ಬರೀಬೇಕು.”

“ಹೆಸರು ಖಾಲಿ ಇದೆ?”

“ಅದು ಕೊನೇಲಿ. ತಪ್ಪಾಗಿ ಹಾಕಿದ್ರೆ ಅವರ ವಂಶದವರು ಜಗಳಕ್ಕೆ ಬರ್ತಾರೆ.”

ಎರಡು ದಿನ ಸುಶೀಲಾ ಊಟ ಬಿಟ್ಟರು. ಮೂರನೆಯ ದಿನ ಕಳಸದಿಂದ ಫೋನ್ ಬಂತು. “ವಿಚಾರಿಸಿದ್ವಿ. ಆಳುಗಳನ್ನೂ ಮರ್ಯಾದೆಯಿಂದ ಮಾತಾಡ್ಸೋ ಮನೆ ಅಂತ ಗೊತ್ತಾಯ್ತು. ಮುಹೂರ್ತ ನೋಡ್ಸಿ.”

ಮದುವೆಗೆ ಮೂರು ಲಕ್ಷ ಜನ. ಕಡಿಮೆ ಹೇಳಿದೆ, ಕ್ಷಮಿಸಿ. ವೆಂಕಟರಾಮಯ್ಯ ವಂದನಾಗೆ ಮೊದಲ ಆಮಂತ್ರಣವನ್ನೂ ಐದು ಕಿಲೋ ಕಾಫಿಪುಡಿಯನ್ನೂ ಕಳಿಸಿದ್ದರು. ಅವರಿಗೆ ಬರಲಾಗಲಿಲ್ಲ. ತಿಂಗಳ ಮೇಲೆ ಅಂಚೆಯಲ್ಲಿ ಒಂದು ಕಟ್ಟು ಬಂತು.

“ಬಿಚ್ಚಿ ನೋಡಮ್ಮ, ನಿಮ್ಮ ಕಡೆಯವ್ರದ್ದೇ” ಎಂದು ವೆಂಕಟರಾಮಯ್ಯ ಸೊಸೆಯ ಕೈಗಿಟ್ಟರು.

ಅರ್ಪಿತಾ ಕಳಿಸಿದವರ ಹೆಸರು ಓದಿದಳು. “ವಂದನಾ? ನಮ್ಮ ಕಡೆ ಹಾಗಂತ ಯಾರೂ ಇಲ್ಲ ಮಾವ.”

“ನಮ್ಮ ಮನೆ ವಿಚಾರಿಸೋಕೆ ಬಂದಿದ್ರಲ್ಲಮ್ಮ?”

“ಅಪ್ಪ ಯಾರನ್ನೂ ಕಳಿಸ್ಲೇ ಇಲ್ಲ. ನಿಮ್ಮ ಗುರುವಯ್ಯಂಗೆ ಫೋನ್ ಮಾಡಿದ್ರು ಅಷ್ಟೆ.”

ಕಟ್ಟಿನೊಳಗೆ ಪುಸ್ತಕವಿತ್ತು. ವೆಂಕಟರಾಮಯ್ಯ ಕನ್ನಡಕ ಏರಿಸಿ ಏಳನೇ ನಂಬರು ಹುಡುಕಿದರು. ಹೆಸರಿನ ಜಾಗ ಕೊನೆಗೂ ತುಂಬಿತ್ತು.

‘ಹಾಜಿ ಸಾಲಿಹ್, ಕಾಫಿ ವರ್ತಕ, ಅರಬ್ ಕರಾವಳಿಯ ಏಡನ್ ಬಂದರು.’ ಪುಸ್ತಕ ಮಗುಚಿ ಮುಖಪುಟ ನೋಡಿದರು: ‘ಬ್ರಿಟಿಷ್ ಅಧಿಕಾರಿಯೊಬ್ಬನ ಗುಟ್ಟಿನ ವರದಿ, 1908. ಕನ್ನಡಕ್ಕೆ: ವಂದನಾ.’