ಡ್ರೈವರ್ ಬದಿಯ ಬಾಗಿಲು

ಮೇಜಿನ ಮೇಲಿದ್ದ ಮೂರನೆಯ ತುಣುಕನ್ನೂ ಅವಳು ಉಗುರಿನಿಂದ ಬಲವಾಗಿ ಗೀರಿದಳು. ಕಾರಿನ ಬಣ್ಣ ಕೆಡದಂತೆ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮಿನ ಮಾದರಿಗಳು ಅವು. ಅಂಗಡಿಗೆ ಬಂದವರೆಲ್ಲ ಕೀಲಿಕೈಯಿಂದ ಗೀರಿ ಪರೀಕ್ಷೆ ಮಾಡುತ್ತಾರೆ. ಇವಳಿಗೆ ಉಗುರೇ ಸಾಕಾಯಿತು.

"ಯಾರೋ ಗಾಡಿ ಗೀರ್ತಿದ್ದಾರೆ ಅನ್ಸುತ್ತೆ," ಎಂದ ಅಂಗಡಿಯವನು.

"ದಿನಾ. ಎರಡು ಹೊತ್ತೂ."

"ರಸ್ತೇಲಿ ನಿಲ್ಲಿಸ್ತೀರಾ ಮೇಡಂ?"

"ಇಲ್ಲ. ಮನೆ ಶೆಡ್ಡಲ್ಲಿ. ಗೇಟಿಗೆ ಬೀಗ ಹಾಕಿರ್ತೀನಿ."

ಅಂಗಡಿಯವನ ಕೈ ನಿಂತಿತು. ಹೊಟ್ಟೆಕಿಚ್ಚಿನ ಗೀರು, ಪಾರ್ಕಿಂಗ್ ಜಗಳದ ಗೀರು, ಮಕ್ಕಳಾಟದ ಗೀರು, ಎಲ್ಲವನ್ನೂ ಕಂಡವನು ಅವನು. ಬೀಗ ಹಾಕಿದ ಗೇಟಿನೊಳಗಿನ ಗೀರು ಇದೇ ಮೊದಲು.

"ಹಿಡಿಯೋಕಾಗಲ್ವಾ?"

"ಹಿಡಿದಷ್ಟೂ ಜೋರಾಗುತ್ತೆ."

ಅವಳ ಮುಖ ನೋಡಿ ಅವನು ಮಾತು ಬದಲಿಸಿದ. "ಫಿಲ್ಮ್ ದುಬಾರಿ. ಕೋಟಿಂಗ್ ಮಾಡಿಸಿಬಿಡಿ. ಕಲ್ಲಿನ ಹಾಗೆ ಗಟ್ಟಿ ಆಗುತ್ತೆ, ಖರ್ಚೂ ಕಮ್ಮಿ."

"ಗಟ್ಟಿಯಾದದ್ದು ಬೇಡ." ಉತ್ತರ ಎಷ್ಟು ಬೇಗ ಬಂತೆಂದರೆ ಅವನು ಬೆಚ್ಚಿದ.

"ಹಾಗಿದ್ರೆ ತೆಳುವಾದ ಫಿಲ್ಮ್, ಇಡೀ ಗಾಡಿಗೆ ಅರವತ್ತು ಸಾವಿರ. ಮಂದದ್ದಾದರೆ ಅದರ ಎರಡರಷ್ಟು. ಮಂದದ್ದರಲ್ಲಿ ಒಂದು ಅನುಕೂಲ ಇದೆ. ಬಿಸಿನೀರು ಹೊಯ್ದರೆ ಗೀರು ತಾನೇ ಮಾಯುತ್ತೆ."

"ಅಷ್ಟು ಬೇಗ ಮಾಯುತ್ತಾ?" ಎಂದು ಅವಳು ತುಣುಕನ್ನೇ ನೋಡಿದಳು. "ಒಂದು ಬಾಗಿಲಿಗೆ ಎಷ್ಟಾಗುತ್ತೆ? ಡ್ರೈವರ್ ಬದೀದು ಮಾತ್ರ."

"ಒಂದಕ್ಕೇ ಹಾಕಿ ಏನು ಪ್ರಯೋಜನ? ಅವನು ಪಕ್ಕದ ಬಾಗಿಲಿಗೆ ಕೈ ಹಾಕಿದ್ರೆ?"

"ಹಾಕಲ್ಲ. ತುಂಬ ನುಣುಪಾದದ್ದು, ಮೆತ್ತಗಿರೋದು ಕೊಡಿ. ಅಂಚು ಎಲ್ಲೂ ಎದ್ದಿರಬಾರದು."

ಅವನು ಹದಿನೈದು ಸಾವಿರ ಎಂದ. ಚೌಕಾಸಿ ಮಾಡಿದರೆ ಇಳಿಸಲು ಸಿದ್ಧನಿದ್ದ. ಅವಳು ಚೌಕಾಸಿ ಮಾಡಲಿಲ್ಲ.

"ಗಾಡಿ ತಗೊಂಡು ಬನ್ನಿ ಮತ್ತೆ."

"ಅದು ಓಡಲ್ಲ. ನೀವೇ ಬರಬೇಕು. ಮಧ್ಯಾಹ್ನ ಊಟದ ಮೇಲೆ ಬನ್ನಿ, ಆಗ ಮನೆ ಸ್ವಲ್ಪ ಸದ್ದಿಲ್ಲದೆ ಇರುತ್ತೆ."

ಮರುದಿನ ಮಧ್ಯಾಹ್ನ ಅವನು ಸಾಮಾನು ಹೊತ್ತು ಹೋದ. ಶೆಡ್ಡಿನ ಮೂಲೆಯಲ್ಲಿ ಕಾರು ಗಾಳಿ ಇಳಿದ ಚಕ್ರಗಳ ಮೇಲೆ ಕುಸಿದು ನಿಂತಿತ್ತು. ಮೈತುಂಬ ಧೂಳು. ಡ್ರೈವರ್ ಬದಿಯ ಬಾಗಿಲಿನ ಮೇಲೆ ಮಾತ್ರ ಧೂಳಿನ ಸುಳಿವಿಲ್ಲ. ಗಾಜುಗಳಿಗೆಲ್ಲ ಒಳಗಿನಿಂದ ಕಪ್ಪು ಬಟ್ಟೆ ಬಿಗಿದಿತ್ತು. ಹ್ಯಾಂಡಲ್ಲಿನ ಸುತ್ತ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು, ಅಲ್ಲಿಂದ ಕೆಳಗೆ ಗೀರುಗಳು ಒತ್ತೊತ್ತಾಗಿ ಹರಿದಿದ್ದವು. ಅವನು ಅದರ ಮೇಲೆ ಕೈಯಾಡಿಸಿದ. ಚಕ್ಕೆಯೊಂದು ಚುಚ್ಚಿ ಬೆರಳಲ್ಲಿ ರಕ್ತ ಜಿನುಗಿತು.

ಅವಳು ಹತ್ತಿ, ಪಟ್ಟಿ ಮುಂದೆ ಚಾಚಿದಳು. ತರಲು ಒಳಗೆ ಹೋಗಲೂ ಇಲ್ಲ. ಅವು ಅವಳ ಕೈಯಲ್ಲೇ ಇದ್ದವು.

"ಈ ಬಾಗಿಲಿನ ಗಾಜು ಹೊಸದು. ಅದನ್ನೂ ಒಡೆದಿದ್ನಾ?"

"ಅದು ನಾನೇ ಒಡೆದದ್ದು," ಎಂದಳು. "ಒಡೆಯೋ ಹೊತ್ತಿಗೆ ತಡವಾಗಿತ್ತು."

ಅವನು ಕೆಲಸಕ್ಕೆ ಬಗ್ಗಿದ. ಚಕ್ಕೆಗಳನ್ನು ಉಜ್ಜಿ ನುಣುಪು ಮಾಡಿದ. ನೀರು ಸಿಂಪಡಿಸಿ, ಫಿಲ್ಮ್ ಹರಡಿ, ರಬ್ಬರ್ ಪಟ್ಟಿಯಿಂದ ಒಳಗಿನ ನೀರನ್ನು ತಳ್ಳತೊಡಗಿದ. ಶೆಡ್ಡಿನಲ್ಲಿ ಕೀರಲು ಸದ್ದು ಬಿಟ್ಟರೆ ಬೇರೇನಿಲ್ಲ. ಅವಳು ಕಾರಿಗೆ ಬೆನ್ನು ಹಾಕಿ ಮನೆಯ ಕಡೆಗೇ ಕಣ್ಣಿಟ್ಟು ನಿಂತಿದ್ದಳು.

"ಇಷ್ಟು ಕಾಟ ಯಾಕೆ ಮೇಡಂ? ಗುಜರಿಗೆ ಹಾಕಿ ಕೈ ತೊಳ್ಕೊಳ್ಳಿ."

"ಒಂದು ಸಲ ಕಳಿಸಿದ್ದೆ. ಆಮೇಲೆ ಬೀದೀಲಿ ನಿಂತಿದ್ದ ಕಾರುಗಳಿಗೆಲ್ಲ ಶುರುವಾಯ್ತು. ವಾಪಸ್ ತರಿಸಿದೆ."

"ಪೊಲೀಸರಿಗೆ ಹೇಳಲಿಲ್ವಾ?"

"ಅವರೇ ಹಿಡ್ಕೊಂಡು ಬಂದಿದ್ರು. ಬಿಟ್ಟು ಹೋದ್ರು."

ಬಿಟ್ಟು ಹೋದರಂತೆ! ಯಾರೋ ದೊಡ್ಡ ಕುಳವೇ ಇರಬೇಕು ಎಂದುಕೊಂಡ ಅವನು. ಬೇಗ ಮುಗಿಸಿ ಹೊರಡುವುದೇ ವಾಸಿ. ಬಿಸಿಗಾಳಿಯ ಯಂತ್ರ ಹಿಡಿದು ಅಂಚುಗಳನ್ನು ಒಳಕ್ಕೆ ಮಡಿಸಿದ. ಕೊನೆಯ ಅಂಚು ಕೂತಿತು ಅನ್ನುವಾಗ ಮನೆಯೊಳಗೆ ಚಿಲಕ ಸರಿದ ಸದ್ದಾಯಿತು.

"ಎದ್ರು," ಎಂದಳು ಅವಳು. "ಪಕ್ಕಕ್ಕೆ ಬನ್ನಿ. ದಯವಿಟ್ಟು ಮಾತಾಡಬೇಡಿ."

ಮುದುಕಿಯೊಬ್ಬಳು ಶೆಡ್ಡಿಗೆ ಬಂದಳು. ಕೆದರಿದ ಕೂದಲು, ಬರಿಗಾಲು. ಇವರಿಬ್ಬರೂ ಅಲ್ಲಿಲ್ಲವೇನೋ ಎಂಬಂತೆ ದಾಟಿಹೋಗಿ, ಕಪ್ಪು ಗಾಜಿಗೆ ಹಣೆ ಒತ್ತಿದಳು. ಬೆರಳುಗಳಿಗೆ ಸುತ್ತಿದ್ದ ಪಟ್ಟಿಗಳನ್ನು ಹಲ್ಲಿನಿಂದ ಕಿತ್ತು ಬಿಸಾಕಿದಳು.

"ಮಗಾ, ಬಾಗಿಲು ತೆಗಿಯೋ. ಎದೆ ನೋಯ್ತಿದೆಯಾ? ತೆಗಿಯಪ್ಪಾ, ಅಮ್ಮ ಬಂದಿದ್ದೀನಿ."

ಎರಡೂ ಕೈಯಿಂದ ಬಾಗಿಲನ್ನು ಪರಚತೊಡಗಿದಳು.

"ನಮ್ಮತ್ತೆ," ಎಂದಳು ಅವಳು ಪಿಸುದನಿಯಲ್ಲಿ. "ನಮ್ಮ ಯಜಮಾನರು ಒಳಗೆ ಲಾಕ್ ಮಾಡ್ಕೊಂಡು ಕೂತಿದ್ದಾಗ ಎದೆಬಡಿತ ನಿಂತುಹೋಯ್ತು. ಮೊದಲು ನೋಡಿದ್ದು ಇವರೇ. ಬಾಗಿಲು ತೆಗೆಯೋಕೆ ಆಗಲಿಲ್ಲ. ನಾನು ಓಡಿ ಬಂದು ಗಾಜು ಒಡೆದೆ. ಆಮೇಲೆ ಇವರಿಗೆ ಎಲ್ಲ ಮರೆತುಹೋಯ್ತು, ಇದೊಂದು ಬಿಟ್ಟು."

"ಬಾಗಿಲು ತೆಗೆದೇ ಇಡಬಹುದಲ್ಲ?" ಅವನೂ ಪಿಸುದನಿಯಲ್ಲೇ ಕೇಳಿದ.

"ಇಟ್ಟು ನೋಡಿದೆ. ಖಾಲಿ ಸೀಟು ಕಂಡಾಗಲೆಲ್ಲ ಮಗ ಸತ್ತದ್ದು ಹೊಸದಾಗಿ ಗೊತ್ತಾಗುತ್ತೆ. ಒಂದೇ ಸಾವಿಗೆ ದಿನಾ ಅಷ್ಟು ಅತ್ತರೆ ಯಾವ ಜೀವ ಉಳಿಯುತ್ತೆ? ಬಾಗಿಲು ಮುಚ್ಚಿದ್ರೆ, ಸುಸ್ತಾಗಿ ಒಳಗೆ ಹೋಗ್ತಾರೆ."

ಮುದುಕಿಯ ಉಗುರುಗಳು ಜಾರುತ್ತಲೇ ಇದ್ದವು. ಕೊನೆಗೆ ಕೈಗಳು ತಾವೇ ಸೋತು ಇಳಿದವು. ಅಂಗಡಿಯವನು ಬಗ್ಗಿ, ಬಾಗಿಲನ್ನು ಬೆಳಕಿಗೆ ಓರೆಯಾಗಿ ನೋಡಿದ. ಏನಾದರೂ ಸಮಾಧಾನ ಹೇಳಬೇಕಿತ್ತು. ಅವನಿಗೆ ಗೊತ್ತಿದ್ದದ್ದು ಇದೊಂದೇ.

"ನೋಡಿ ಮೇಡಂ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ."

ಅವಳು ಗಾಡಿಯ ಕಡೆ ತಿರುಗಲೇ ಇಲ್ಲ. ಅತ್ತೆಯ ಎರಡೂ ಕೈ ಹಿಡಿದು, ಶೆಡ್ಡಿನ ಬಾಗಿಲ ಬಳಿ ಬೆಳಕಿಗೆ ಒಯ್ದು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಗಾಡಿ ಹಾಳಾಗಿ ಹೋಗಲಿ," ಎಂದಳು. "ಇವತ್ತು ಇವರ ಬೆರಳಲ್ಲಿ ರಕ್ತ ಬಂದಿಲ್ಲ."